ಗರಗಸಕ್ಕೊಂದು ಪೆಡಲು

ನಮ್ಮ ದರ್ಜಿಯನ್ನು ಬೀದಿಯವರೆಲ್ಲ ‘ನಾಳೆ’ ಎಂದೇ ಕರೆಯುತ್ತಿದ್ದರು. ಅಂಗಿ ಯಾವಾಗ ಸಿಗುತ್ತದೆ ಎಂದು ಯಾರೇ ಕೇಳಲಿ, ಬಾಯಲ್ಲಿ ಕಚ್ಚಿಕೊಂಡ ಗುಂಡುಸೂಜಿಗಳನ್ನು ತುಟಿಯ ಮೂಲೆಗೆ ಸರಿಸಿ, “ನಾಳೆ ಬನ್ನಿ, ಕಾಜಾ ಗುಂಡಿ ಒಂದೇ ಬಾಕಿ” ಎನ್ನುತ್ತಿದ್ದರು. ಆ ಹೊತ್ತಿಗೆ ಆ ಅಂಗಿಯ ಬಟ್ಟೆ ಕತ್ತರಿಯ ಮುಖವನ್ನೂ ನೋಡದೆ ಕಪಾಟಿನಲ್ಲಿ ಹಾಯಾಗಿ ಮಲಗಿರುತ್ತಿತ್ತು. ಬೇಕೆಂದು ಹೇಳಿದ ಸುಳ್ಳಲ್ಲ ಅದು. ಅವರ ಮನಸ್ಸಿನಲ್ಲಿ ಅಂಗಿ ಆಗಲೇ ಹೊಲಿದು, ಇಸ್ತ್ರಿಯಾಗಿ, ಮಡಚಿ ಇಟ್ಟಾಗಿರುತ್ತಿತ್ತು. ಕೈ ಮಾತ್ರ ಒಂದಿಷ್ಟು ಹಿಂದೆ ಬಿದ್ದಿರುತ್ತಿತ್ತು.

ಆದರೆ ಒಮ್ಮೆ ಕೈಗೆ ಬಂದ ಬಟ್ಟೆ ಮೈಮೇಲೆ ಕೂತರೆ ಕೂತ ಹಾಗೆ. ಬೈಯುತ್ತ ಬಂದವರು ಕನ್ನಡಿಯಲ್ಲಿ ತಮ್ಮನ್ನು ನೋಡಿಕೊಂಡು ಬೈಗುಳ ನುಂಗುತ್ತಿದ್ದರು. ಎಲ್ಲ ಉಡುಪಿನ ಒಳಗೂ ಅವರು ಒಂದಿಷ್ಟು ಬಟ್ಟೆ ಬಿಟ್ಟೇ ಹೊಲಿಯುತ್ತಿದ್ದರು. “ಮನುಷ್ಯ ಇವತ್ತಿದ್ದ ಹಾಗೆ ನಾಳೆ ಇರ್ತಾನಾ? ಒಳಗೆ ಬಟ್ಟೆ ಬಿಟ್ಟಿದ್ರೆ ಬಿಚ್ಚಿ ಹೊಲೀಬಹುದು. ಬಿಡದೆ ಇದ್ರೆ ದೇವರು ಬಂದ್ರೂ ಆಗಲ್ಲ” ಎಂಬುದು ಅವರ ಸಿದ್ಧಾಂತ. ಇಡೀ ಬದುಕಿನಲ್ಲಿ ಅವರಿಗೆ ಇದ್ದ ಸಿದ್ಧಾಂತ ಇದೊಂದೇ. ಅದು ಅವರನ್ನು ಎಲ್ಲಿಗೆ ಕೊಂಡೊಯ್ದಿತು ಎಂಬುದೇ ಈ ಕಥೆ.

ಅವರ ಹೆಂಡತಿ ಕುಳ್ಳಿ. ಸಾಮಾನ್ಯ ಕುಳ್ಳಿಯಲ್ಲ, ಅಂಗಡಿಯ ಮೇಜಿನ ಆಚೆ ನಿಂತರೆ ಧ್ವನಿ ಮಾತ್ರ ಕೇಳಿಸುವಷ್ಟು. “ಮೂರ್ತಿ ಚಿಕ್ಕದು, ಬಾಯಿ ದೊಡ್ಡದು” ಎಂದು ತಮ್ಮ ಬಗ್ಗೆ ತಾವೇ ಹೇಳಿಕೊಂಡು ನಗುತ್ತಿದ್ದರು. ವಯಸ್ಸಾಗುತ್ತ ಮಂಡಿ ಹಿಡಿದುಕೊಂಡಿತು, ನೆಲದ ಮೇಲೆ ಕೂರುವುದು ನಿಂತುಹೋಯಿತು. ಕುರ್ಚಿಯ ಮೇಲೆ ಕೂತರೆ ಕಾಲು ನೆಲಕ್ಕೆ ಎಟುಕದು. ಇಡೀ ದಿನ ಗಾಳಿಯಲ್ಲಿ ನೇತಾಡಿದ ಪಾದ ಸಂಜೆಯ ಹೊತ್ತಿಗೆ ಹತ್ತಿ ತುಂಬಿದ ದಿಂಬಿನ ಹಾಗೆ ಊದಿಕೊಳ್ಳುತ್ತಿತ್ತು. ವೈದ್ಯೆ ಬೆರಳಿನಿಂದ ಒತ್ತಿ ನೋಡಿ, ಬಿದ್ದ ಗುಳಿ ಬೇಗ ಮೇಲೆ ಬಾರದ್ದನ್ನು ಕಂಡು ಮುಖ ಗಂಟಿಕ್ಕಿದರು. “ಕಾಲು ನೇತಾಡಿಸಬೇಡಿ. ಪಾದ ನೆಲಕ್ಕೆ ತಾಗಬೇಕು. ಹೀಗೇ ಬಿಟ್ರೆ ನಡೆಯೋದೂ ಕಷ್ಟ ಆಗುತ್ತೆ” ಎಂದರು.

ಕಾಲ ಕೆಳಗೆ ಒಂದು ಸಣ್ಣ ಸ್ಟೂಲು ಇಟ್ಟು ನೋಡಿದ್ದಾಯಿತು. ಅದನ್ನು ಎಡವಿ ಹೆಂಡತಿ ಬಿದ್ದರು. ಬೇರೆ ಕಡೆ ಸರಿಸಿ ಇಟ್ಟರು. ಚಹಾ ಹಿಡಿದು ಬರುತ್ತಿದ್ದ ದರ್ಜಿ ಎಡವಿದರು. ಸ್ಟೂಲು ಅಟ್ಟ ಸೇರಿತು.

ಅಂದು ದರ್ಜಿಯ ತಲೆಯೊಳಗೆ ಹುಳ ಹೊಕ್ಕಿತು. ಲೋಕದ ಕುರ್ಚಿಗಳೆಲ್ಲ ಒಂದೇ ಎತ್ತರ! ಉದ್ದದವರಿಗೂ ಅದೇ, ಗಿಡ್ಡದವರಿಗೂ ಅದೇ. ಇದು ರೆಡಿಮೇಡ್ ಬಟ್ಟೆಗಿಂತ ದೊಡ್ಡ ಅನ್ಯಾಯವೆಂದು ಅವರಿಗೆ ಕಂಡಿತು. ಮೈಗೆ ಅಳತೆ ಉಂಟು, ಕೂರುವುದಕ್ಕೆ ಇಲ್ಲವೇ? ನೇರ ಪಕ್ಕದ ಅಂಗಡಿಗೆ ನಡೆದರು.

ಪಕ್ಕದ ಅಂಗಡಿ ಬಡಗಿಯದು. ದರ್ಜಿ ಆ ಬೀದಿಯಲ್ಲಿ ಅಂಗಡಿ ಹಾಕಿದಂದಿನಿಂದ ಇಬ್ಬರೂ ಗೆಳೆಯರು. ಒಬ್ಬರ ಅಂಗಡಿಯ ಮರದ ಹೊಟ್ಟು ಇನ್ನೊಬ್ಬರ ಅಂಗಡಿಗೆ ಹಾರಿ ಬಂದು ಕೋಟುಗಳ ಮೇಲೆ ಕೂರುತ್ತದೆ ಎಂಬ ಜಗಳ ಬಿಟ್ಟರೆ ಬೇರೆ ವೈಮನಸ್ಸು ಇರಲಿಲ್ಲ.

“ಕುರ್ಚಿ ಅಂದ್ರೆ ಇಷ್ಟೇ ಎತ್ತರ” ಎಂದರು ಬಡಗಿ, ತಮ್ಮ ಮೊಣಕಾಲು ತೋರಿಸಿ. “ನಮ್ಮಪ್ಪ ಮಾಡಿದ್ದೂ ಇಷ್ಟೇ, ಅವರಪ್ಪ ಮಾಡಿದ್ದೂ ಇಷ್ಟೇ. ಅದಕ್ಕಿಂತ ಗಿಡ್ಡ ಮಾಡಿದ್ರೆ ಮಕ್ಕಳ ಆಟದ ಸಾಮಾನು ಅಂತಾರೆ. ನನ್ನ ಅಂಗಡಿ ಮಾನ ಹೋಗುತ್ತೆ.”

“ನಿನ್ನ ಮಾನಕ್ಕಿಂತ ನನ್ನ ಹೆಂಡ್ತಿ ಕಾಲು ದೊಡ್ಡದಯ್ಯ.”

“ಅತ್ತಿಗೆ ಕಾಲು ದೊಡ್ಡದಾಗಿದ್ರೆ ನೀನು ಇಲ್ಲಿಗೆ ಯಾಕೆ ಬರ್ತಿದ್ದೆ?”

ದರ್ಜಿಗೆ ನಗು ಬರಲಿಲ್ಲ. ಬಡಗಿ ಗೆಳೆಯನ ಮುಖ ನೋಡಿ ಸ್ವಲ್ಪ ಮೆತ್ತಗಾದರು. “ನೋಡು, ನನ್ನ ಕೈಗೆ ಆ ಎತ್ತರ ಬಿಟ್ರೆ ಬೇರೆ ಬರಲ್ಲ. ಬೇಕಾದ್ರೆ ನೀನೇ ಮಾಡ್ಕೋ. ಮರ ನಂದು, ಮಷಿನ್ ನಂದು, ಧೈರ್ಯ ನಿಂದು.”

ದರ್ಜಿಯ ಕಣ್ಣು ಮೂಲೆಗೆ ಹೋಯಿತು. ಅಲ್ಲಿ ಬೀರುವಿನಷ್ಟು ಎತ್ತರದ ಹಸಿರು ಯಂತ್ರವೊಂದು ನಿಂತಿತ್ತು. ಅದರ ಹೊಟ್ಟೆಯಲ್ಲಿ ಮೇಲೊಂದು ಕೆಳಗೊಂದು ಚಕ್ರ. ಎರಡನ್ನೂ ಸುತ್ತಿಕೊಂಡು ಓಡುವ ಹಲ್ಲಿನ ಪಟ್ಟಿ. ದರ್ಜಿಯ ಟೇಪಿಗೆ ಹಲ್ಲು ಮೂಡಿಸಿ ಎರಡೂ ತುದಿ ಬೆಸೆದರೆ ಹೇಗಿರುತ್ತದೋ ಹಾಗೆ. ಆ ಪಟ್ಟಿ ನಡುವಿನ ಕಬ್ಬಿಣದ ಮೇಜನ್ನು ತೂರಿ ಕೆಳಗೆ ಇಳಿಯುವಲ್ಲಿ ಮಾತ್ರ ಹೊರಗೆ ಕಾಣುತ್ತದೆ. ಅಲ್ಲಿ ಮರ ಒಡ್ಡಿದರೆ ಕುಯ್ಯುತ್ತದೆ. ಕೊಂಡಾಗ ಅಂಗಡಿಯವರು ಬ್ಯಾಂಡ್ ಸಾ ಎಂದಿದ್ದರು. ಬಡಗಿ ಇಟ್ಟ ಹೆಸರು ‘ಅತ್ತೆ’.

ದರ್ಜಿಯ ಕಣ್ಣು ಅಲ್ಲಿಂದ ಬಡಗಿಯ ಎಡಗೈಗೆ ಹೋಯಿತು. ಅದರ ಕಿರುಬೆರಳು ಅರ್ಧಕ್ಕೇ ಮುಗಿದಿತ್ತು. ಅದು ಹೇಗಾಯಿತೆಂದು ಇಷ್ಟು ವರ್ಷದಲ್ಲಿ ದರ್ಜಿ ಕೇಳಿರಲಿಲ್ಲ. ಈಗಂತೂ ಕೇಳುವ ಧೈರ್ಯ ಇರಲಿಲ್ಲ.

ಮೊದಲು ಅಳತೆ. ಹೆಂಡತಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ನಿಂತಿದ್ದಾಗ ದರ್ಜಿ ಹಿಂದಿನಿಂದ ಹೋಗಿ ನೆಲಕ್ಕೆ ಮಂಡಿಯೂರಿ, ಮೊಣಕಾಲಿನ ಮಡಿಕೆಯಿಂದ ಹಿಮ್ಮಡಿಯವರೆಗೆ ಟೇಪು ಹಿಡಿದರು.

“ಏನ್ರೀ ಇದು, ಈ ವಯಸ್ಸಲ್ಲಿ ಕಾಲು ಹಿಡಿಯೋ ಅಂಥದ್ದು ಏನು ಮಾಡಿದ್ರಿ?”

“ಅಲ್ಲಾಡಬೇಡ. ಉಸಿರು ಬಿಡು. ಹೊಟ್ಟೆ ಒಳಗೆ ಎಳ್ಕೋಬೇಡ.”

“ಕಾಲಿಗೆ ಯಾವ ಹೊಟ್ಟೆ ರೀ?”

ಅಭ್ಯಾಸಬಲ. ದರ್ಜಿ ಅಳತೆ ತೆಗೆಯುವಾಗ ಎಲ್ಲರಿಗೂ ಹೀಗೇ ಹೇಳುತ್ತಿದ್ದರು.

ಮರುದಿನ ಬೆಳಿಗ್ಗೆ ಪಾಠ ಶುರುವಾಯಿತು. “ಅತ್ತೆ ಹತ್ರ ಜೋಕೆ” ಎಂದರು ಬಡಗಿ. “ಕೈ ಪಕ್ಕದಲ್ಲಿಡು, ಹಲ್ಲಿನ ಎದುರಿಗೆ ಯಾವತ್ತೂ ಇಡಬೇಡ. ಕೆಲಸ ನಡೀವಾಗ ಬೇರೆ ಕಡೆ ನೋಡಬೇಡ. ಅವಳು ತಗೊಂಡಷ್ಟೇ ಕೊಡು, ಜಾಸ್ತಿ ನೂಕಿದ್ರೆ ರೇಗ್ತಾಳೆ. ಮೊದಲು ಕೊರಳಲ್ಲಿರೋ ಆ ಟೇಪ್ ತೆಗಿ.”

“ಟೇಪ್ ಯಾಕೆ?”

“ಅದೇನಾದ್ರೂ ಅತ್ತೆ ಕೈಗೆ ಸಿಕ್ಕಿದ್ರೆ ನಿನ್ನ ಕುತ್ತಿಗೆ ಅಳತೆ ತಗೊಂಡುಬಿಡ್ತಾಳೆ.”

ದರ್ಜಿ ಟೇಪು ತೆಗೆದರು. ಟೇಪಿಲ್ಲದೆ ನಿಂತದ್ದು ಅಂಗಿ ಬಿಚ್ಚಿ ಬೀದಿಯಲ್ಲಿ ನಿಂತ ಹಾಗಾಯಿತು. ಬಡಗಿ ಹಸಿರು ಗುಂಡಿ ಒತ್ತಿದರು. ಅತ್ತೆ ಮೊದಲು ಗುರುಗುಟ್ಟಿ, ಆಮೇಲೆ ಮೂಗಿನಲ್ಲಿ ರಾಗ ಎಳೆದು, ಕೊನೆಗೆ ಊರೆಲ್ಲ ಕೇಳುವಂತೆ ಹಾಡತೊಡಗಿದಳು. ನೆಲ ನಡುಗಿತು. ದರ್ಜಿ ಕಣ್ಣು ಬಿಟ್ಟಾಗ ಬೀದಿಯ ಆಚೆ ಬದಿಯಲ್ಲಿ, ಹಾಲಿನ ಅಂಗಡಿಯ ಕಂಬವನ್ನು ತಬ್ಬಿಕೊಂಡಿದ್ದರು. ಅಲ್ಲಿಗೆ ಹೇಗೆ ಬಂದೆನೆಂದು ಅವರಿಗೇ ಗೊತ್ತಿರಲಿಲ್ಲ.

“ಏನಾಯ್ತಯ್ಯ?” ಬಡಗಿ ಬಾಗಿಲಿಗೆ ಬಂದು ಕೂಗಿದರು.

“ಇವತ್ತಿಗೆ ಸಾಕು. ನಾಳೆ ಬರ್ತೀನಿ.”

“ನೋಡ್ರಪ್ಪ! ಬೀದಿಗೆಲ್ಲ ನಾಳೆ ಹೇಳಿದ್ದು ಸಾಲದು ಅಂತ ಈಗ ಅತ್ತೆಗೂ ನಾಳೆ ಹೇಳ್ತಿದ್ದಾನೆ!”

ನಾಳೆ ಬಂತು, ನಾಡಿದ್ದೂ ಬಂತು. ದರ್ಜಿ ಬಾಗಿಲಿನವರೆಗೆ ಬಂದು ನೆವ ಹುಡುಕಿ ಹಿಂದಿರುಗುತ್ತಿದ್ದರು. ಒಂದು ದಿನ ಗಾಳಿ ಜಾಸ್ತಿ, ಇನ್ನೊಂದು ದಿನ ಎಡಗಣ್ಣು ಅದುರುತ್ತಿದೆ. ಆದರೆ ಪ್ರತಿ ಸಂಜೆ ಮನೆಯಲ್ಲಿ ಆ ಎರಡು ಪಾದ ಕಾಣುತ್ತಿದ್ದವು. ಚಪ್ಪಲಿಯ ಪಟ್ಟಿ ಒತ್ತಿದ ಗೆರೆ ರಾತ್ರಿಯಾದರೂ ಮಾಸುತ್ತಿರಲಿಲ್ಲ. ಹೆಂಡತಿ ಅದರ ಮಾತೆತ್ತುತ್ತಿರಲಿಲ್ಲ. ಬಾಯಿ ದೊಡ್ಡದು ಎನ್ನುವವರು ಮಾತೆತ್ತದಿದ್ದರೆ ಅದಕ್ಕಿಂತ ದೊಡ್ಡ ಮಾತಿಲ್ಲ. ದರ್ಜಿ ಹಲ್ಲು ಕಚ್ಚಿಕೊಂಡು ಮತ್ತೆ ಅತ್ತೆಯ ಎದುರು ನಿಂತರು.

ಈ ಸಲ ಓಡಲಿಲ್ಲ. ಹಲಗೆಯನ್ನು ಗರಗಸದ ಹಲ್ಲಿಗೆ ತಾಗಿಸಿ ಹಿಡಿದು ಸುಮ್ಮನೆ ನಿಂತರು. ಸ್ವಲ್ಪ ಹೊತ್ತು ಹೋಯಿತು.

“ಏನು ಕಾಯ್ತಿದ್ದೀಯ?”

“ಎಳ್ಕೊಳ್ಳಲಿ ಅಂತ.”

“ಎಳ್ಕೊಳ್ಳಲ್ಲ ಮಾರಾಯ, ನೀನೇ ನೂಕಬೇಕು!”

“ಇದೆಂಥ ಮಷಿನ್ನಯ್ಯ? ನಂದು ಬಟ್ಟೆ ಇಟ್ರೆ ತಾನೇ ಎಳ್ಕೊಳ್ಳುತ್ತೆ.”

ನೂಕಿದರೆ ಹಲಗೆ ಎಡಕ್ಕೆ, ಹೆದರಿ ಬಿಗಿ ಹಿಡಿದರೆ ಬಲಕ್ಕೆ. ಸೀಮೆಸುಣ್ಣದ ಗೆರೆ ಒಂದು ದಾರಿ, ಗರಗಸ ಇನ್ನೊಂದು ದಾರಿ. ಹಾಳಾದ ತುಂಡುಗಳು ರಾಶಿ ಬಿದ್ದವು. ಅದೇ ಹೊತ್ತಿಗೆ ಹೆಂಡತಿ ಊಟದ ಡಬ್ಬಿ ಹಿಡಿದು ಬಂದವರು ಬಾಗಿಲಲ್ಲೇ ನಿಂತರು. ಬಡಗಿ ದರ್ಜಿಯ ಕೈ ನೋಡುತ್ತಿದ್ದರೆ ಅವರು ಕಾಲು ನೋಡಿದರು. ಕುಳ್ಳಗಿದ್ದುದರಿಂದ ಅವರ ಕಣ್ಣಿಗೆ ಅದೇ ಹತ್ತಿರ.

“ಅಣ್ಣ, ಇವರ ಬಲಗಾಲು ನೋಡಿ.”

ಬಡಗಿ ಬಗ್ಗಿ ನೋಡಿದರು. ದರ್ಜಿಯ ಬಲಗಾಲು ನೆಲವನ್ನು ತಾಳಬದ್ಧವಾಗಿ ತುಳಿಯುತ್ತಿತ್ತು. ಹೆದರಿಕೆಯಾದಾಗ ನಿಲ್ಲುತ್ತಿತ್ತು. ಕಾಲು ನಿಂತರೂ ಯಂತ್ರ ನಿಲ್ಲದ್ದನ್ನು ಕಂಡು ದರ್ಜಿ ಬೆಚ್ಚುತ್ತಿದ್ದರು, ಹಲಗೆ ಸೊಟ್ಟ ಹೋಗುತ್ತಿತ್ತು. ಕಾಲು ನಿಲ್ಲಿಸಿದರೂ ಓಡುವ ಯಂತ್ರವನ್ನು ಆ ಮನುಷ್ಯ ಹುಟ್ಟಿದಾಗಿನಿಂದ ಮುಟ್ಟಿರಲಿಲ್ಲ.

“ಕಾಲಿಗೆ ಕೆಲಸ ಇಲ್ಲ, ಅದಕ್ಕೇ ಕೈಗೆ ಹೆದರಿಕೆ” ಎಂದರು ಹೆಂಡತಿ. “ಒಂದು ಪೆಡಲ್ ಹಾಕಿಕೊಡಿ.”

“ಅತ್ತಿಗೆ, ಇದು ಕರೆಂಟಲ್ಲಿ ಓಡೋದು!”

“ಅದು ನಿಮಗೆ ಗೊತ್ತು, ನನಗೆ ಗೊತ್ತು. ಅವರ ಕಾಲಿಗೆ ಗೊತ್ತಾ?”

ದರ್ಜಿಯ ಅಂಗಡಿಯ ಹಿಂದೆ ಕೆಟ್ಟುಹೋದ ಹೊಲಿಗೆ ಯಂತ್ರವೊಂದು ಬಿದ್ದಿತ್ತು. ಅದರ ಕಬ್ಬಿಣದ ಪೆಡಲನ್ನು ಬಿಚ್ಚಿ ತಂದು, ಎರಡು ಮರದ ತುಂಡಿನ ನಡುವೆ ಕೂರಿಸಿ, ಅತ್ತೆಯ ಪಾದದ ಬಳಿ ಇಟ್ಟರು. ಅದಕ್ಕೆ ತಂತಿಯಿಲ್ಲ, ಬೆಲ್ಟಿಲ್ಲ, ಅತ್ತೆಗೂ ಅದಕ್ಕೂ ನೆಂಟಸ್ತನವೇ ಇಲ್ಲ. ದರ್ಜಿ ಅದರ ಮೇಲೆ ಕಾಲಿಟ್ಟರು. ಕಿರ್ರ್, ಕಿರ್ರ್ ಎಂದಿತು. ಅವರ ಹೆಗಲು ಇಳಿಯಿತು, ಮುಷ್ಟಿ ಸಡಿಲಾಯಿತು, ತುಟಿಯ ಮೂಲೆಯಲ್ಲಿ ಇಲ್ಲದ ಗುಂಡುಸೂಜಿ ಕಚ್ಚಿದ ಗಂಭೀರ ಮುಖ ಬಂತು. ಹಲಗೆ ಗೆರೆಯ ಮೇಲೆ ಗೆರೆಯಾಗಿ ಜಾರಿತು. ಡೊಂಕು ಗೆರೆ ಎಳೆದುಕೊಟ್ಟರೆ ಡೊಂಕಾಗಿ, ಕೋಟಿನ ಕಂಕುಳು ಕತ್ತರಿಸಿದಷ್ಟು ನಯವಾಗಿ ತಿರುಗಿತು. ಬಡಗಿ ಬಾಯಿ ತೆರೆದವರು ಹೊಟ್ಟು ಒಳಹೋಗಿ ಕೆಮ್ಮಿದರು.

“ನೋಡಿದ್ಯಾ?” ಎಂದರು ದರ್ಜಿ. “ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ.”

ಆಮೇಲೆ ತಡೆಯುವವರಿಲ್ಲ. ಕಾಗದದಲ್ಲಿ ಕುರ್ಚಿಯ ಒಂದೊಂದು ಭಾಗ ಕತ್ತರಿಸಿ ಹಲಗೆಯ ಮೇಲಿಟ್ಟು ಗುಂಡುಸೂಜಿ ಚುಚ್ಚಲು ಹೋದರು. ಸೂಜಿ ಬಗ್ಗಿತು, ಅಂಟು ಹಚ್ಚಿದರು. ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಕಾಲುಗಳನ್ನು ಕುಯ್ಯುವಾಗ ಬಡಗಿ ಹುಬ್ಬೇರಿಸಿದರು.

“ಇದ್ಯಾಕೆ ಇಷ್ಟುದ್ದ?”

“ಕೆಳಗೆ ಮಡಿಕೆಗೆ ಬೇಡ್ವಾ? ಸುತ್ತಲೂ ಒಳಗೆ ಬಿಟ್ಟಿದೀನಿ.”

ಬಡಗಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅರ್ಥವಾದ ಮೇಲೆ ಅವರು ಮುಖ ಆಚೆ ತಿರುಗಿಸಿಕೊಂಡು, “ಸರಿ, ಸರಿ, ಬಿಡಲೇಬೇಕು” ಎಂದರು. ಮರವನ್ನು ಮಡಚಿ ಹೊಲಿಯಲಾಗದು ಎಂದು ಬಾಯ್ಬಿಟ್ಟು ಹೇಳಬಹುದಿತ್ತು. ಆದರೆ ದರ್ಜಿ ಹೊಲಿದ ಅವರ ಮದುವೆಯ ಕೋಟು ಮದುವೆಯ ಮರುದಿನ ಕೈಗೆ ಸಿಕ್ಕಿತ್ತು. ಆ ನೆನಪು ಅವರ ಬಾಯಿ ಕಟ್ಟಿತು.

ಹೆಂಡತಿ ಆಗಾಗ ಗಿರಾಕಿಯ ಹಾಗೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು: “ಏನ್ರೀ ಟೈಲರ್, ನನ್ನ ಕುರ್ಚಿ ಆಯ್ತಾ?”

“ನಾಳೆ ಬನ್ನಿ ಮೇಡಂ. ಕಾಜಾ ಗುಂಡಿ ಒಂದೇ ಬಾಕಿ.”

ಕೊನೆಗೂ ಟ್ರಯಲ್ ದಿನ ಬಂತು. ಕುರ್ಚಿ ನಿಜಕ್ಕೂ ಚೆಲುವಾಗಿತ್ತು. ಬೆನ್ನು ಒರಗುವಲ್ಲಿ ಹೆಂಡತಿಯ ಬೆನ್ನಿನ ಬಾಗೇ ಬಾಗು, ಕೈಯಿಡುವಲ್ಲಿ ಅವರ ಮೊಣಕೈಯ ಅಳತೆಯೇ ಅಳತೆ. ಕೂರುವ ಹಲಗೆಯ ಮೇಲೆ ದರ್ಜಿಯೇ ಹೊಲಿದ ದಪ್ಪ ದಿಂಬು. ಹೆಂಡತಿ ಕೂರಲು ಹೋದರು. ಆಗಲಿಲ್ಲ. ಬಡಗಿ ಕೈ ಕೊಟ್ಟು ಹತ್ತಿಸಿದರು.

ಪಾದಗಳು ಗಾಳಿಯಲ್ಲಿ ತೂಗಿದವು. ಮನೆಯ ಕುರ್ಚಿಯಲ್ಲಿ ತೂಗುತ್ತಿದ್ದದ್ದಕ್ಕಿಂತ ಒಂದು ಗೇಣು ಮೇಲೆ.

ಕಾಲಿಗೆ ಬಿಟ್ಟ ಮಡಿಕೆ, ಹಲಗೆಯ ದಪ್ಪ, ದಿಂಬಿನ ದಪ್ಪ. ದರ್ಜಿಯ ಲೆಕ್ಕದಲ್ಲಿ ಅಳತೆಗೆ ಉದ್ದವಿತ್ತು, ಅಗಲವಿತ್ತು. ದಪ್ಪ ಎಂಬುದನ್ನು ಬಟ್ಟೆ ಅವರಿಗೆ ಎಂದೂ ಕಲಿಸಿರಲಿಲ್ಲ. ಬಡಗಿ ಗೋಡೆ ಹಿಡಿದು ನಕ್ಕರು. ನಗುತ್ತ ನಗುತ್ತ ಬಿಕ್ಕಳಿಕೆ ಹತ್ತಿ, ನೀರು ಕುಡಿಯಲು ಹಿತ್ತಲಿನ ನಲ್ಲಿಗೆ ಓಡಿದರು.

ದರ್ಜಿ ಹೆಂಡತಿಯ ಮುಖ ನೋಡಿದರು. ಒಂದು ಬೈಗುಳ, ಒಂದು ಚುಚ್ಚುಮಾತು ಬರಲಿ ಎಂದು ಕಾದರು. ಅವರು ಕುರ್ಚಿಯ ಕೈಯನ್ನು ಸವರುತ್ತ, “ಇರಲಿ ಬಿಡಿ. ಚೆನ್ನಾಗೇ ಇದೆ” ಎಂದರು.

 ಮದುವೆಯಾದಂದಿನಿಂದ ದರ್ಜಿ ಹೊಲಿದ ಯಾವ ಬಟ್ಟೆಗೂ ಆಕೆ ‘ಇರಲಿ ಬಿಡಿ’ ಎಂದಿರಲಿಲ್ಲ. ಕಂಕುಳು ಬಿಗಿ, ಕೊರಳು ಸಡಿಲ, ತೋಳು ಕೋತಿಗೆ ಹೊಲಿದ ಹಾಗಿದೆ ಎಂದು ಎಷ್ಟು ಸಲ ಬಿಚ್ಚಿಸಿದ್ದರು! ಸರಿಯಾಗುತ್ತದೆಂಬ ನಂಬಿಕೆ ಇದ್ದಲ್ಲಿ ತಕರಾರು. ಅದು ಹೋದ ಮೇಲೆ ‘ಇರಲಿ ಬಿಡಿ’.

ಅವರು ಆಕೆಯನ್ನು ಇಳಿಸಿ, ಮರದ ದಿಮ್ಮಿಯ ಮೇಲೆ ಕೂರಿಸಿ, ಕುರ್ಚಿ ಎತ್ತಿಕೊಂಡು ಅತ್ತೆಯ ಬಳಿ ಹೋದರು. ಕೊರಳಿನ ಟೇಪು ತೆಗೆದು ಹೆಂಡತಿಯ ಕೊರಳಿಗೆ ಹಾಕಿದರು. ಇಷ್ಟು ದಿನ ಹಸಿರು ಗುಂಡಿಯನ್ನು ಒತ್ತುತ್ತಿದ್ದವರು ಬಡಗಿ. ಇಂದು ದರ್ಜಿಯೇ ಒತ್ತಿದರು. ಹಿತ್ತಲಿನಲ್ಲಿದ್ದ ಬಡಗಿಗೆ ಅತ್ತೆಯ ಹಾಡು ಕೇಳಿಸಿತು. ಬಿಕ್ಕಳಿಕೆ ನಿಂತೇಹೋಯಿತು. ಬಾಯಲ್ಲಿ ನೀರು ತುಂಬಿಕೊಂಡೇ ಓಡಿ ಬಂದು ನೋಡಿದರೆ, ಮೇಜಿನ ಮೇಲೆ ಪಕ್ಕಕ್ಕೆ ಮಲಗಿದ ಕುರ್ಚಿ, ಕೆಳಗೆ ಕಿರ್ರ್ ಕಿರ್ರ್ ಎನ್ನುವ ಪೆಡಲು, ನಡುವೆ ನೆಮ್ಮದಿಯ ಮುಖದ ದರ್ಜಿ. ಕಾಲುಗಳ ತುದಿ ಬಿಲ್ಲೆ ಬಿಲ್ಲೆಯಾಗಿ ಉದುರುತ್ತಿದ್ದವು.

ನೆಲಕ್ಕೆ ಇಟ್ಟರೆ ಕುರ್ಚಿ ಅಲ್ಲಾಡಿತು. ಉದ್ದವಾದ ಕಾಲನ್ನು ಕುಯ್ದರು. ಈಗ ಆಚೆ ಕಡೆಗೆ ಅಲ್ಲಾಡಿತು. ಅದನ್ನೂ ಕುಯ್ದರು.

“ಸಾಕು ನಿಲ್ಲಿಸಯ್ಯ!” ನೀರು ನುಂಗಿ ಬಡಗಿ ಕೂಗಿದರು. “ಹೀಗೇ ಹೋದ್ರೆ ಅತ್ತಿಗೆಗೆ ಬರೀ ದಿಂಬು ಉಳಿಯುತ್ತೆ.”

“ಒಳಗೆ ಬಿಟ್ಟಿದೀನಲ್ಲ, ಹೆದರಬೇಡ. ನಿನ್ನ ಅಳತೆಗೆ ಮಾಡಿದ್ರೆ ಈಗೇನು ಗತಿಯಾಗ್ತಿತ್ತು?”

ಒಂದೊಂದು ಸಲ ಕುಯ್ದಾಗಲೂ ಹೆಂಡತಿ ಕೂತು ನೋಡುತ್ತಿದ್ದರು. ಎಷ್ಟನೆಯದೋ ಸಲ ಕೂತವರು ಕೆಳಗೆ ನೋಡಿದರು. ಎರಡು ಹಿಮ್ಮಡಿ, ಹತ್ತು ಬೆರಳು, ಇಡೀ ಪಾದ, ಹೊಟ್ಟಿನ ಮೇಲೆ ಊರಿ ಕೂತಿದ್ದವು. ಆಕೆ ಬೆರಳುಗಳಿಂದ ಹೊಟ್ಟನ್ನು ಒಂದಿಷ್ಟು ಕೆದಕಿದರು. ಆಮೇಲೆ ತಲೆ ಎತ್ತಿ ಹೇಳಿದರು: “ಎಡಗಡೆ ಅಲ್ಲಾಡುತ್ತೆ. ಇದೇನು ಕುರ್ಚಿನೋ ತೊಟ್ಟಿಲೋ? ಬಲಗೈ ಹತ್ರ ಚುಚ್ಚುತ್ತೆ ಬೇರೆ.”

ದರ್ಜಿಗೆ ಹೋದ ಜೀವ ಬಂದ ಹಾಗಾಯಿತು. ಜೇಬಿಗೆ ಕೈಹಾಕಿ ಕೋಟಿನ ದೊಡ್ಡದೊಂದು ಗುಂಡಿ ತೆಗೆದು, ಗಿಡ್ಡವಾಗಿದ್ದ ಕಾಲಿನ ಅಡಿಗೆ ಅಂಟಿಸಿದರು. ಕುರ್ಚಿ ಬಂಡೆಯ ಹಾಗೆ ನಿಂತಿತು.

“ಹೇಳಿರಲಿಲ್ವಾ,” ಎಂದರು, “ಗುಂಡಿ ಒಂದೇ ಬಾಕಿ ಅಂತ.”

ಆ ಸಂಭ್ರಮದಲ್ಲಿ ದರ್ಜಿ ಇಷ್ಟು ವರ್ಷ ಕೇಳದ ಪ್ರಶ್ನೆ ಕೇಳಿಯೇಬಿಟ್ಟರು: ಆ ಕಿರುಬೆರಳನ್ನು ಅತ್ತೆ ತಿಂದದ್ದು ಯಾವಾಗ? ಬಡಗಿ ಬೆರಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. “ಅತ್ತೆಯಾ? ಪಾಪ, ಅವಳೇನು ಮಾಡಿದಳು? ಚಿಕ್ಕವನಿದ್ದಾಗ ನಮ್ಮನೆ ಬಾಗಿಲಿಗೆ ಸಿಕ್ಕಿದ್ದು ಇದು.”

ಹೆಂಡತಿಯ ಕಾಲಿನ ಊತ ಮೆಲ್ಲಮೆಲ್ಲಗೆ ಇಳಿಯಿತು. ಅದನ್ನು ನೋಡಿ ಗಿಡ್ಡದವರೂ ಬಂದರು, ಕಾಲು ಮಡಚಿ ಕೂತು ಸಾಕಾಗಿದ್ದ ಉದ್ದದವರೂ ಬಂದರು. ಎಲ್ಲರಿಗೂ ದರ್ಜಿ ಮಂಡಿಯೂರಿ ಅಳತೆ ತೆಗೆದರು, ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ ಎಂದರು, ನಾಳೆ ಬನ್ನಿ ಎಂದರು.

ಯಾವ ಕೆಲಸವನ್ನೂ ಹೇಳಿದ ದಿನಕ್ಕೆ ಮುಗಿಸದ ಮನುಷ್ಯ, ಹೋಗುವುದನ್ನು ಮಾತ್ರ ಯಾರೂ ಕೇಳದೆ, ಒಂದು ನಾಳೆಯನ್ನೂ ಹೇಳದೆ, ಅವಸರದಲ್ಲಿ ಮುಗಿಸಿದರು. ಮಧ್ಯಾಹ್ನ ಊಟ ಮಾಡಿ ಅಂಗಡಿಯ ಮೇಜಿಗೆ ಒರಗಿದವರು ಏಳಲಿಲ್ಲ. ಬಾಯಲ್ಲಿ ಗುಂಡುಸೂಜಿ ಇರಲಿಲ್ಲ, ಕೊರಳಲ್ಲಿ ಟೇಪು ಇತ್ತು. ಬಡಗಿ ಅಂಗಡಿ ಮುಚ್ಚಿದರು. ಮತ್ತೆ ತೆರೆದ ದಿನ ಅತ್ತೆಯನ್ನು ಓಡಿಸಿ ಒಂದು ಹಲಗೆ ಕುಯ್ಯುತ್ತಿದ್ದಾಗ, ಕಿರ್ರ್ ಕಿರ್ರ್ ಎಂದು ಸದ್ದು ಕೇಳಿ ಯಾರೆಂದು ಕೆಳಗೆ ನೋಡಿದರು. ತುಳಿಯುತ್ತಿದ್ದದ್ದು ಅವರದೇ ಕಾಲು.

ದುಃಖಕ್ಕೋ ವಯಸ್ಸಿಗೋ, ದರ್ಜಿಯ ಹೆಂಡತಿ ಇನ್ನಷ್ಟು ಕುಗ್ಗಿದರು. ಒಂದು ದಿನ ಬಡಗಿ ನೋಡಲು ಹೋದಾಗ, ಕುರ್ಚಿಯಲ್ಲಿ ಕೂತಿದ್ದ ಅವರ ಹಿಮ್ಮಡಿ ನೆಲದಿಂದ ಒಂದು ಬೆರಳು ಮೇಲೆ ನಿಂತಿತ್ತು, ಚಪ್ಪಲಿಯ ಗೆರೆ ಮತ್ತೆ ಮೂಡಿತ್ತು.

“ಅತ್ತಿಗೆ, ಕುರ್ಚಿ ಕೊಡಿ. ಇನ್ನೊಂದು ಸ್ವಲ್ಪ ಕುಯ್ದು ತರ್ತೀನಿ.”

“ಕಾಲಿಗೆ ಕೈ ಹಚ್ಚಬೇಡಿ ಅಣ್ಣ. ಆ ಗುಂಡಿ ಅವರು ಅಂಟಿಸಿದ್ದು.”

“ಮತ್ತೆ ಹೀಗೆ ನೇತಾಡಿಸ್ಕೊಂಡು ಕೂರ್ತೀರಾ? ಅವನಿದ್ದಿದ್ರೆ ಸುಮ್ಮನೆ ಬಿಡ್ತಿದ್ದನಾ?”

ಆಕೆ ಎದ್ದು, ಕೂತಿದ್ದ ದಿಂಬನ್ನು ತೆಗೆದು ಒಗೆಯಲೆಂದು ಬೋರಲು ಮಾಡಿದರು. ಅಡಿಯಲ್ಲಿ, ಹೊಲಿಗೆ ಇರಬೇಕಾದ ಕಡೆ, ಒಂದರ ಪಕ್ಕ ಒಂದು ಒತ್ತುಗುಂಡಿ. ದಿಂಬಿಗೆ ಯಾರಾದರೂ ಇಷ್ಟೊಂದು ಗುಂಡಿ ಇಡುತ್ತಾರೆಯೇ? ಆಕೆ ಒಂದನ್ನು ಬಿಚ್ಚಿದರು. ಬೆರಳಿಗೆ ಹತ್ತಿ ತಾಗಿತು. ಒಂದು ಪದರವಲ್ಲ, ಬಟ್ಟೆಯಲ್ಲಿ ಸುತ್ತಿದ ತೆಳ್ಳನೆಯ ಪದರಗಳು, ಒಂದರ ಮೇಲೆ ಒಂದು, ಒಂದೊಂದಾಗಿ ಎಳೆದು ತೆಗೆಯುವ ಹಾಗೆ.

ಬಡಗಿ ಬಗ್ಗಿ ಪದರಗಳನ್ನು ಒಂದೊಂದಾಗಿ ಮುಟ್ಟಿ ಎಣಿಸಿದರು.

“ಒಳಗೆ ಬಿಟ್ಟಿದ್ದಾನೆ” ಎಂದರು ಬಡಗಿ. 

ಆಕೆ ಒಂದು ಪದರ ಎಳೆದು ತೆಗೆದು, ಗುಂಡಿ ಹಾಕಿ, ದಿಂಬು ಹಾಸಿ ಕೂತರು. ಹಿಮ್ಮಡಿ ನೆಲಕ್ಕೆ ತಾಗಿತು. ಅತ್ತ ಇತ್ತ ಸರಿದು ನೋಡಿದರು. ಸೆರಗಿನಿಂದ ಮೂಗು ಒರೆಸಿಕೊಂಡರು.

“ಬಲಗೈ ಹತ್ರ ಇನ್ನೂ ಚುಚ್ಚುತ್ತೆ” ಎಂದರು. “ನಾಳೆ ಸರಿ ಮಾಡ್ತೀನಿ ಅಂದಿದ್ರು.”